ಟೈಟಾನಿಯಂ ಉಜ್ಜುವ ಗಿರಿಜಾದೇವಿ

ಹೊಸಹಳ್ಳಿಯ ಭೈರೇಶ್ ಅವರ ಹೆಂಡತಿ ಗಿರಿಜಾದೇವಿ ಎಲ್ಲಿ ಕೆಲಸ ಮಾಡುತ್ತಾರೆ ಎಂದು ನೆಂಟರು ಯಾರಾದರೂ ಕೇಳಿದರೆ ಮನೆಯವರು ಕೊಡುತ್ತಿದ್ದ ಉತ್ತರ ಮೂವತ್ತು ವರ್ಷಗಳಿಂದ ಒಂದೇ. "ಕಾಮಾಕ್ಷಿಪಾಳ್ಯದಲ್ಲಿ ಒಂದ್ ಲ್ಯಾಬು." ಕೇಳಿದವರು ಅದನ್ನು ರಕ್ತ ಪರೀಕ್ಷೆ ಮಾಡುವ ಲ್ಯಾಬು ಎಂದುಕೊಂಡು ತಲೆಯಾಡಿಸುತ್ತಿದ್ದರು. ಕೆಲವರು ಮದುವೆ ಮನೆಯಲ್ಲಿ ಪಕ್ಕಕ್ಕೆ ಬಂದು ಕೂತು, ಊಟಕ್ಕೆ ಮೊದಲು ಶುಗರ್ ಎಷ್ಟಿರಬೇಕು ಎಂದು ವಿಚಾರಿಸಿದ್ದೂ ಉಂಟು. ಮನೆಯವರು ತಿದ್ದಲು ಹೋಗುತ್ತಿರಲಿಲ್ಲ. ತಿದ್ದಿದರೆ ನಿಜ ಹೇಳಬೇಕಾಗುತ್ತಿತ್ತು. ನಿಜ ಏನೆಂದರೆ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆಯವರೆಗೆ ಗಿರಿಜಾದೇವಿ ಅಲ್ಲಿ ಕೂತು ಲೋಹದ ಚೂರುಗಳನ್ನು ಉಜ್ಜುತ್ತಿದ್ದರು.

ಆ ಮನೆಯ ಹೆಣ್ಣುಮಗಳು ಹೊರಗೆ ದುಡಿಯಬೇಕಾದ ಅಗತ್ಯವೇನೂ ಇರಲಿಲ್ಲ. ಭೈರೇಶ್ ಅವರ ತಂದೆ ರಾಗಿ ಬೆಳೆದಿದ್ದ ಜಮೀನಿನಲ್ಲಿ ಈಗ ಮೂರು ಕಟ್ಟಡಗಳು ನಿಂತಿದ್ದವು, ಅವುಗಳಲ್ಲಿ ಹನ್ನೊಂದು ಸಂಸಾರಗಳು ಬಾಡಿಗೆಗಿದ್ದವು. ಭೈರೇಶ್ ಅವರ ಉದ್ಯೋಗವೆಂದರೆ ಬೆಳಿಗ್ಗೆ ನೀರಿನ ಮೋಟಾರ್ ಹಾಕುವುದು, ತೊಟ್ಟಿ ತುಂಬಿದ ಮೇಲೆ ಆರಿಸುವುದು. ನಡುವೆ ಪೇಪರ್ ಓದುತ್ತಿದ್ದರು. ಅತ್ತೆ ಮುನಿಲಕ್ಷ್ಮಮ್ಮನವರಿಗೆ ಸೊಸೆಯ ಕೆಲಸದ ಬಗ್ಗೆ ಇದ್ದ ಅಭಿಪ್ರಾಯ ಸ್ಪಷ್ಟವಾಗಿತ್ತು.

"ಮನೇಲಿ ಪಾತ್ರೆ ಉಜ್ಜಕ್ಕೆ ಆಳಿಟ್ಟಿದೀವಿ. ನೀನು ಹೋಗಿ ಅವ್ರ ಕಬ್ಣ ಉಜ್ಜು. ಚೆನ್ನಾಗದೆ ನ್ಯಾಯ!"

"ಕಬ್ಣ ಅಲ್ಲ ಅತ್ತೆ, ಈಗೀಗ ಟೈಟಾನಿಯಂ," ಎನ್ನುತ್ತಿದ್ದರು ಗಿರಿಜಾದೇವಿ, ಡಬ್ಬಿಗೆ ಚಿತ್ರಾನ್ನ ತುಂಬಿಕೊಳ್ಳುತ್ತಾ. ಅದರಿಂದ ಮನೆತನದ ಮರ್ಯಾದೆ ಏನೂ ಹೆಚ್ಚುತ್ತಿರಲಿಲ್ಲ.

ಗಿರಿಜಾದೇವಿ ಆ ಕೆಲಸಕ್ಕೆ ಸೇರಿದ್ದು ಮದುವೆಗೆ ಮೊದಲು, ಟೆಲಿಫೋನ್ ಆಪರೇಟರ್ ಆಗಿ. ಲ್ಯಾಬಿನ ಮಾಲೀಕರು ಗೋಪೀನಾಥ. ಲೋಹಶಾಸ್ತ್ರ ಓದಿದವರು. ಸರ್ಕಾರಿ ಕೆಲಸ ಬಿಟ್ಟು, ಎರಡು ಕೋಣೆ, ಒಂದು ಮೈಕ್ರೋಸ್ಕೋಪು, ಸೆಕೆಂಡ್ ಹ್ಯಾಂಡ್ ಎಳೆತದ ಯಂತ್ರ ಇಟ್ಟುಕೊಂಡು ಪರೀಕ್ಷಾ ಕೇಂದ್ರ ತೆರೆದಿದ್ದರು. ಸುತ್ತಲಿನ ಕಾರ್ಖಾನೆಗಳು ಕಳಿಸಿದ ಬೋಲ್ಟು, ಶಾಫ್ಟು, ಗೇರುಗಳನ್ನು ಎಳೆದು ಮುರಿದು, ಕತ್ತರಿಸಿ ನೋಡಿ, ಒಳಗೆ ಹೇಗಿದೆ ಎಂದು ವರದಿ ಕೊಡುವುದು ಅವರ ವ್ಯವಹಾರ. ಅಲ್ಲಿದ್ದ ಫೋನಿಗೆ ದಿನಕ್ಕೆ ನಾಲ್ಕು ಕರೆ ಬಂದರೆ ಹೆಚ್ಚು. ಆಪರೇಟರ್ ಆಗಿ ಬಂದ ಹುಡುಗಿ ಸುಮ್ಮನೆ ಕೂರಲಾರದೆ ಕಿಟಕಿಯ ಗಾಜುಗಳನ್ನೆಲ್ಲ ಒರೆಸಿ ಮುಗಿಸಿದ್ದಳು. ಅದೇ ವಾರ ಚೂರು ಉಜ್ಜುವವನು ಕೊಲ್ಲಿ ದೇಶಕ್ಕೆ ಹೋದ. ಗೋಪೀನಾಥರು ಬೇಕಲೈಟ್ ಎಂಬ ಕಪ್ಪು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ, ದೊಡ್ಡ ಗುಂಡಿಯಂತಿದ್ದ ಒಂದು ಉಕ್ಕಿನ ಚೂರನ್ನು ಅವಳ ಮುಂದಿಟ್ಟು, "ಇದನ್ನೂ ಸ್ವಲ್ಪ ಒರೆಸಮ್ಮ ನೋಡೋಣ" ಎಂದರು.

ಅವಳು ಒರಟು ಎಮರಿ ಕಾಗದದಿಂದ ಶುರುಮಾಡಿ, ನಯವಾದದ್ದಕ್ಕೆ ಬಂದು, ಕೊನೆಗೆ ತಿರುಗುವ ಬಟ್ಟೆಯ ಮೇಲೆ ಹಿಡಿದು, ತನ್ನ ಮೂಗುಬೊಟ್ಟು ಅದರಲ್ಲಿ ಕಾಣುವವರೆಗೂ ಉಜ್ಜಿದಳು. ಗೋಪೀನಾಥರು ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು.

"ಗೀರು ಒಂದೂ ಇಲ್ವಲ್ಲ!"

"ಇರ್ಬೇಕಿತ್ತಾ ಸಾರ್?"

"ಇರ್ಬಾರ್ದು ಕಣಮ್ಮ. ಉಜ್ಜೋನು ಮಾಡಿದ ಗೀರನ್ನ ಲೋಹದ ಬಿರುಕು ಅಂತ ಬರೆದುಕೊಟ್ಟಿರೋ ವರದಿಗಳು ಈ ಊರಲ್ಲಿ ಎಷ್ಟಿವೆಯೋ."

ಮಾರನೆಯ ದಿನ ಫೋನು ಬೇರೊಬ್ಬರ ಮೇಜಿಗೆ ಹೋಯಿತು. ಕೆಲವು ವರ್ಷಗಳಲ್ಲಿ ಫೋನೇ ಹೋಯಿತು. ಆದರೆ ಹಾಜರಿ ಪುಸ್ತಕದಲ್ಲಿ ಗಿರಿಜಾದೇವಿ ಟೆಲಿಫೋನ್ ಆಪರೇಟರ್ ಆಗಿಯೇ ಉಳಿದರು. ಬದಲಾಯಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವರೂ ಕೇಳಲಿಲ್ಲ.

ಕೇಳದೆ ಇರಲು ಕಾರಣವಿತ್ತು. ಕೆಲಸ ಅವರಿಗೆ ಹಿಡಿಸಿತ್ತು. ಉಜ್ಜಿದ ಮೇಲೆ ಚೂರಿನ ಮೈಗೆ ಒಂದಿಷ್ಟು ಆಸಿಡ್ ತಾಗಿಸಿದರೆ, ಕನ್ನಡಿಯಂತಿದ್ದ ಲೋಹದಲ್ಲಿ ಗೆರೆಗಳು ಮೂಡುತ್ತಿದ್ದವು. ಉಕ್ಕಿನಲ್ಲಿ ಒಂದು ಥರ, ಹಿತ್ತಾಳೆಯಲ್ಲಿ ಇನ್ನೊಂದು ಥರ. ಸುತ್ತಿಗೆ ಬಿದ್ದದ್ದು, ಬೆಂಕಿ ಹೆಚ್ಚಾದದ್ದು, ನೀರಿಗೆ ಅವಸರದಲ್ಲಿ ಅದ್ದಿದ್ದು, ಎಲ್ಲವೂ ಅಲ್ಲಿ ಕಾಣುತ್ತಿತ್ತು. ಕಾರ್ಖಾನೆಯವರು "ನಿಧಾನವಾಗಿ ತಣಿಸಿದೀವಿ" ಎಂದು ಬರೆದು ಕಳಿಸಿರುತ್ತಿದ್ದರು. ಇಲ್ಲಿ ನೋಡಿದರೆ ಯಾರೋ ಊಟದ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಹೊರಗೆ ತೆಗೆದಿಟ್ಟಿರುತ್ತಿದ್ದರು. ಹತ್ತು ಹದಿನೈದು ವರ್ಷ ಇದನ್ನು ನೋಡಿದ ಮೇಲೆ ಗಿರಿಜಾದೇವಿಗೆ ಪುಸ್ತಕ ಬೇಕಾಗಲಿಲ್ಲ. ಹೊಸದಾಗಿ ಬಂದ ಎಂಜಿನಿಯರುಗಳು ಅವರ ಬೆನ್ನ ಹಿಂದೆ ನಿಂತು "ಆಂಟಿ, ಇದೇನು?" ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡು ಹೋಗಿ ವರದಿಗೆ ಸಹಿ ಮಾಡುತ್ತಿದ್ದರು.

ಕೆಲಸ ಅವರಿಂದ ತೆಗೆದುಕೊಂಡದ್ದು ಬೆರಳಚ್ಚನ್ನು. ಎಮರಿ ಕಾಗದ ಲೋಹವನ್ನಷ್ಟೇ ಸವೆಸುವುದಿಲ್ಲ. ಲ್ಯಾಬಿನಲ್ಲಿ ಹೆಬ್ಬೆಟ್ಟಿನ ಹಾಜರಿ ಯಂತ್ರ ಬಂದ ದಿನ ಎಲ್ಲರನ್ನೂ ಗುರುತಿಸಿದ ಅದು ಗಿರಿಜಾದೇವಿಯನ್ನು ಮಾತ್ರ ಯಾರೋ ಹೊರಗಿನವರು ಎಂದು ತಿರಸ್ಕರಿಸಿತು. ಮೊದಲ ತಿಂಗಳು ಯಂತ್ರದ ಲೆಕ್ಕದಲ್ಲಿ ಅವರು ಒಂದು ದಿನವೂ ಬಂದಿರಲಿಲ್ಲ. ಆ ತಿಂಗಳು ಹೋದ ನಾಲ್ಕುನೂರು ವರದಿಗಳ ಚೂರುಗಳನ್ನು ಉಜ್ಜಿದವರು ಯಾರು ಎಂಬ ಪ್ರಶ್ನೆ ಯಂತ್ರಕ್ಕೆ ಬರಲಿಲ್ಲ.

ಹೀಗಿರುವಾಗ ಮುರಳೀಕೃಷ್ಣ ಬಂದರು.

ಮುರಳೀಕೃಷ್ಣ ಕೆಂಗೇರಿಯ ಆಚೆ 'ನವಪದರ' ಎಂಬ ಕಂಪನಿ ತೆರೆದಿದ್ದರು. ನಲವತ್ತರ ಆಸುಪಾಸು, ಒಳ್ಳೆಯ ಮಾತುಗಾರ. ಅವರ ಹತ್ತಿರ ಟೈಟಾನಿಯಂ ಪ್ರಿಂಟ್ ಮಾಡುವ ಯಂತ್ರವಿತ್ತು. ಹಿಟ್ಟಿನಷ್ಟು ಸಣ್ಣ ಟೈಟಾನಿಯಂ ಪುಡಿಯನ್ನು ಕೂದಲಿಗಿಂತ ತೆಳುವಾಗಿ ಹರಡುವುದು, ಬೇಕಾದ ಕಡೆ ಮಾತ್ರ ಲೇಸರ್ ಓಡಿಸಿ ಕರಗಿಸುವುದು, ಅದರ ಮೇಲೆ ಇನ್ನೊಂದು ಪದರ, ಮತ್ತೆ ಲೇಸರ್. ಹೀಗೆ ಸಾವಿರಾರು ಪದರ ಏರಿದರೆ ಒಂದು ಸಾಮಾನು. ಸುತ್ತಿಗೆ ಇಲ್ಲ, ಅಚ್ಚು ಇಲ್ಲ.

"ನಮ್ಮ ಮೆಟೀರಿಯಲ್ ನೋಡಿ ಸಾರ್, ನೀವೇ ಬೆರಗಾಗ್ತೀರ," ಎಂದು ಅವರು ಗೋಪೀನಾಥರ ಮೇಜಿನ ಮೇಲೆ ಪೆನ್ಸಿಲಿನಷ್ಟು ದಪ್ಪದ ಹನ್ನೆರಡು ಸರಳುಗಳನ್ನು ಇಟ್ಟರು. ಆರು ಸರಳು ಮಲಗಿಸಿ ಪ್ರಿಂಟ್ ಮಾಡಿದವು, ಆರು ನಿಲ್ಲಿಸಿ ಪ್ರಿಂಟ್ ಮಾಡಿದವು.

ಎಳೆದು ನೋಡಿದಾಗ ಎಲ್ಲರೂ ಬೆರಗಾದದ್ದು ನಿಜ. ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ಟೈಟಾನಿಯಂ ಒಂಬೈನೂರ ಐವತ್ತು ಮೆಗಾಪಾಸ್ಕಲ್ ಎಳೆತದ ಹತ್ತಿರ ಮುರಿಯುವ ಕಡೆ ಇದು ಸಾವಿರದ ನೂರ ಎಂಬತ್ತರವರೆಗೆ ತಡೆಯಿತು. ಮುರಳೀಕೃಷ್ಣ ಆ ಅಂಕಿಯ ಫೋಟೋ ತೆಗೆದುಕೊಂಡು ಅಲ್ಲಿಂದಲೇ ನಾಲ್ಕು ಜನಕ್ಕೆ ಕಳಿಸಿದರು. ಅದರ ಪಕ್ಕದ ಕಾಲಮ್ಮಿನಲ್ಲಿ ಇನ್ನೊಂದು ಅಂಕಿ ಇತ್ತು. ಮುರಿಯುವ ಮೊದಲು ಸರಳು ಎಷ್ಟು ಹಿಗ್ಗಿತು ಎಂಬುದು. ಬಡಿದ ಟೈಟಾನಿಯಂ ನೂರಕ್ಕೆ ಹದಿನಾಲ್ಕರಷ್ಟು ಹಿಗ್ಗುತ್ತದೆ. ಮಲಗಿದ ಸರಳುಗಳು ಒಂಬತ್ತು ಹಿಗ್ಗಿದ್ದವು. ನಿಂತವು ನಾಲ್ಕು. ಅದು ಫೋಟೋದ ಅಂಚಿನಿಂದ ಆಚೆ ಉಳಿಯಿತು.

ಆಮೇಲೆ ಚೂರುಗಳು ಗಿರಿಜಾದೇವಿಯ ಮೇಜಿಗೆ ಬಂದವು. ಟೈಟಾನಿಯಂ ಉಜ್ಜುವುದು ಸುಲಭವಲ್ಲ. ಅಂಟುತ್ತದೆ, ಬಳಿದುಕೊಳ್ಳುತ್ತದೆ, ನಯವಾಯಿತು ಎನ್ನುವಾಗ ಎಲ್ಲಿಂದಲೋ ಗೀರು ಏಳುತ್ತದೆ. ಅದಕ್ಕೆ ತಾಗಿಸುವ ಆಸಿಡ್ಡು ಚರ್ಮಕ್ಕೆ ಬಿದ್ದರೆ ತಕ್ಷಣ ಗೊತ್ತೇ ಆಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಮೂಳೆ ಮುಟ್ಟಿರುತ್ತದೆ. ಗಿರಿಜಾದೇವಿ ಎರಡು ಜೊತೆ ಕೈಗವಸು ಹಾಕಿಕೊಂಡು, ಮುಲಾಮಿನ ಟ್ಯೂಬನ್ನು ಮುಚ್ಚಳ ತೆಗೆದು ಪಕ್ಕಕ್ಕಿಟ್ಟುಕೊಂಡು, ಹತ್ತು ಸೆಕೆಂಡು ಎಣಿಸಿ ಎತ್ತಿದರು.

ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಅವರು ಅಷ್ಟು ವರ್ಷಗಳಲ್ಲಿ ನೋಡಿದ ಅತ್ಯಂತ ಚೆಂದದ ಚಿತ್ರ. ಬೆಳ್ಳಿಯ ಬಣ್ಣದ ಸೂಜಿಗಳು, ಸಾವಿರಾರು, ಒಂದರ ಮೇಲೊಂದು ಅಡ್ಡಡ್ಡ ಬಿದ್ದು ಹೆಣೆದುಕೊಂಡಿದ್ದವು. ಅವುಗಳ ಹಿಂದೆ ಕೆಳಗಿನಿಂದ ಮೇಲಕ್ಕೆ, ಪದರಗಳನ್ನೆಲ್ಲ ದಾಟಿಕೊಂಡು ಎದ್ದ ಉದ್ದುದ್ದ ಕಂಬಗಳಂಥ ಹರಳುಗಳು.

ಎಂ.ಟೆಕ್ ಮುಗಿಸಿ ವರ್ಷದ ಹಿಂದೆ ಸೇರಿದ್ದ ರಮ್ಯಶ್ರೀ ಇಣುಕಿ ನೋಡಿ, "ವಾವ್ ಆಂಟಿ, ಎಷ್ಟ್ ಚೆನ್ನಾಗಿದೆ!" ಎಂದಳು.

"ಚೆನ್ನಾಗೇನೋ ಇದೆ. ಉಸಿರು ಬಿಡೋಕೆ ಟೈಮ್ ಕೊಟ್ಟಿಲ್ಲ ಇದಕ್ಕೆ. ಕರಗಿದ ತಕ್ಷಣ ಗಟ್ಟಿಯಾಗೋಗಿದೆ. ಅದಕ್ಕೇ ಸೂಜಿ."

"ಅದಕ್ಕೇ ಅಲ್ವಾ ಅಷ್ಟೊಂದು ಸ್ಟ್ರೆಂತ್ ಬಂದಿರೋದು?"

"ಬಂದಿದೆ. ಬಗ್ಗೋ ಬುದ್ಧಿ ಹೋಗಿದೆ."

ಮುರಳೀಕೃಷ್ಣರಿಗೆ ಚಿತ್ರ ಬಹಳ ಇಷ್ಟವಾಯಿತು. ಎಂಟು ಅಡಿ ಅಗಲಕ್ಕೆ ಹಿಗ್ಗಿಸಿ ತಮ್ಮ ಕಚೇರಿಯ ಗೋಡೆಗೆ ಹಾಕಿಸಿದರು. ಕೆಳಗೆ 'ಬಡಿದದ್ದಕ್ಕಿಂತ ಬಲ' ಎಂದು ಬರೆಸಿದರು. ಚಿತ್ರ ತೆಗೆದವರನ್ನು ನೋಡಬೇಕೆಂದು ಒಳಗೆ ಬಂದಾಗ ಗಿರಿಜಾದೇವಿ ಎದ್ದು ನಿಂತರು.

"ಸೂಪರ್ ಫೋಟೋ ಅಮ್ಮ."

"ಸಾರ್, ಒಂದ್ ಮಾತು. ಇದನ್ನ ಒಂದ್ಸಲ ಕುಲುಮೆಗೆ ಹಾಕಿ ಎರಡು ಗಂಟೆ ಕಾಯಿಸಿ ನಿಧಾನವಾಗಿ ತಣಿಸಿದ್ರೆ ಒಳ್ಳೇದು. ಸೂಜಿ ಹೋಗಿ ದಪ್ಪ ಪಟ್ಟಿ ಥರ ಆಗುತ್ತೆ. ಎಳೆದ್ರೆ ಹಿಗ್ಗುತ್ತೆ."

"ಸ್ಟ್ರೆಂತು?"

"ಸ್ವಲ್ಪ ಇಳಿಯುತ್ತೆ."

ಮುರಳೀಕೃಷ್ಣ ನಕ್ಕರು. "ಇಳಿಸೋಕೆ ಅಂತ ಯಾರಾದ್ರೂ ಕುಲುಮೆಗೆ ಹಾಕ್ತಾರಾ ಅಮ್ಮ?"

ನಿಂತ ಸರಳನ್ನು ಉದ್ದಕ್ಕೆ ಕೊಯ್ದ ಚೂರು ಆಮೇಲೆ ಬಂತು. ಅದರಲ್ಲಿ ಗಿರಿಜಾದೇವಿಗೆ ಒಂದು ಕಪ್ಪು ಗೆರೆ ಕಂಡಿತು. ಗೀರಲ್ಲ. ಗೀರನ್ನು ಅವರು ಕಣ್ಣುಮುಚ್ಚಿ ಹೇಳಬಲ್ಲರು. ಎರಡು ಪದರಗಳ ನಡುವೆ ಲೇಸರ್ ಸರಿಯಾಗಿ ಮುಟ್ಟದೆ ಬಿಟ್ಟ ಚಪ್ಪಟೆ ತೂತು ಅದು. ಒಳಗೆ ಕರಗದ ಪುಡಿಯ ಕಾಳುಗಳು ಬೇಯದ ರವೆಯಂತೆ ದುಂಡಗೆ ಹಾಗೇ ಕೂತಿದ್ದವು. ರಮ್ಯಶ್ರೀ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಳು. ಇಡೀ ಚೂರಿನಲ್ಲಿ ತೂತಿನ ಪಾಲು ನೂರರಲ್ಲಿ ಒಂದರ ಕಾಲು ಭಾಗವೂ ಇಲ್ಲ.

"ಲಿಮಿಟ್ ಒಳಗೇ ಇದೆ ಆಂಟಿ."

"ಎಷ್ಟಿದೆ ಅಂತಲ್ಲ ಕಣಮ್ಮ, ಹೆಂಗ್ ಮಲಗಿದೆ ಅನ್ನೋದನ್ನ ನೋಡು. ಪದರದ ಉದ್ದಕ್ಕೆ ಎಳೆದ್ರೆ ಇದು ಇರೋದೇ ಗೊತ್ತಾಗಲ್ಲ. ನಿಲ್ಲಿಸಿ ಮೇಲಕ್ಕೆಳೆದ್ರೆ ಬಾಯಿ ಬಿಡುತ್ತೆ."

ಫೋಟೋ ಮುರಳೀಕೃಷ್ಣರಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಗೋಪೀನಾಥರಿಗೆ ಅವರ ಫೋನ್ ಬಂತು. ಆ ಸರಳಿನ ತುದಿ ಪ್ರಿಂಟ್ ಶುರುವಾದ ಜಾಗವಂತೆ, ಅಲ್ಲಿ ಹಾಗೆ ಆಗುವುದು ಸಹಜವಂತೆ, ದಯವಿಟ್ಟು ಬೇರೆ ಕಡೆ ಕತ್ತರಿಸಿ ನೋಡಬೇಕಂತೆ. ಗೋಪೀನಾಥರಿಗೆ ಆಗ ಎಪ್ಪತ್ತೆರಡು. ದೊಡ್ಡ ದೊಡ್ಡ ಲ್ಯಾಬುಗಳು ಬಂದು ಅವರ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದ್ದರು. ಅವರು ಬಾಗಿಲಲ್ಲಿ ನಿಂತು, ಗಿರಿಜಾದೇವಿಯ ಮುಖ ನೋಡದೆ ಹೇಳಿದರು.

"ಗಿರಿಜಮ್ಮ, ಇನ್ನೊಂದು ಕಡೆ ಕತ್ತರಿಸಿಬಿಡಿ."

ಗಿರಿಜಾದೇವಿ ಕತ್ತರಿಸಿದರು. ಉಜ್ಜಿದರು, ಆಸಿಡ್ ತಾಗಿಸಿದರು. ಎರಡನೆಯ ಜಾಗ ಸ್ವಚ್ಛವಾಗಿತ್ತು. ಒಂದು ತೂತಿಲ್ಲ. ಅದರಲ್ಲಿ ಮೋಸವೇನೂ ಇರಲಿಲ್ಲ, ಅಲ್ಲಿ ಲೋಹ ಚೆನ್ನಾಗಿಯೇ ಇತ್ತು. ಅದರ ಚಿತ್ರ ವರದಿ ಸೇರಿತು. ಮೊದಲನೆಯ ಚೂರನ್ನು ಗಿರಿಜಾದೇವಿ ಬಿಸಾಡಲಿಲ್ಲ. ಹಿಂಭಾಗದಲ್ಲಿ ತಾರೀಕು ಕೆತ್ತಿ ಡ್ರಾಯರಿಗೆ ಹಾಕಿದರು. ಆಮೇಲೆ ರಮ್ಯಶ್ರೀಯ ಹತ್ತಿರ ಹೋಗಿ, "ಎರಡನೇ ಜಾಗದಲ್ಲಿ ಕತ್ತರಿಸಿದ್ದು, ಗಿರಾಕಿ ಕೇಳಿದ್ದಕ್ಕೆ ಅಂತ ಒಂದು ಸಾಲು ಹಾಕಮ್ಮ. ಅದು ಸುಳ್ಳೇನಲ್ವಲ್ಲ" ಎಂದರು. ರಮ್ಯಶ್ರೀ ಸ್ವಲ್ಪ ಯೋಚಿಸಿ ಹನ್ನೊಂದನೆಯ ಪುಟದ ಅಡಿಯಲ್ಲಿ, ಓದಲು ಕನ್ನಡಕ ಬೇಕಾಗುವಷ್ಟು ಸಣ್ಣಕ್ಷರದಲ್ಲಿ ಹಾಕಿದಳು. ಗೋಪೀನಾಥರು ಸಹಿ ಮಾಡಿದರು. ಯಾರೂ ಅದನ್ನು ಓದಲಿಲ್ಲ.

ಗಿರಿಜಾದೇವಿ ಆ ವಾರವೆಲ್ಲ ಮನೆಯಲ್ಲಿ ಸಿಡಿಸಿಡಿ ಅಂದರು. ಭೈರೇಶ್ ಏನಾಯಿತೆಂದು ಕೇಳಿದಾಗ ಹೇಳಲು ನೋಡಿದರು, ಆದರೆ ತೂತಿನ ಅಳತೆ ಕೂದಲೆಳೆಯಷ್ಟು ಎಂದು ಗೊತ್ತಾದ ಮೇಲೆ ಅವರ ಆಸಕ್ತಿ ಹೋಯಿತು. "ಅಷ್ಟಕ್ಕೆಲ್ಲ ತಲೆ ಕೆಡಿಸ್ಕೊಂಡ್ರೆ ಆಗುತ್ತೇನೆ? ನಮ್ಮ ಎರಡನೇ ಬಿಲ್ಡಿಂಗ್ ಗೋಡೇಲಿ ಬೆರಳು ಹೋಗೋಷ್ಟು ಬಿರುಕಿದೆ, ಏನಾಯ್ತು?" ಎಂದರು.

ಎರಡು ತಿಂಗಳ ಮೇಲೆ ತುಮಕೂರು ರಸ್ತೆಯ ಕಡೆ ಒಂದು ದೊಡ್ಡ ಯಂತ್ರ ಪ್ರದರ್ಶನ ನಡೆಯಿತು. ಮುರಳೀಕೃಷ್ಣ ಅಲ್ಲಿ ಮಳಿಗೆ ಹಾಕಿದರು. ಟೈಟಾನಿಯಂ ಬಲವೆಂದು ಅಂಕಿಯಲ್ಲಿ ಹೇಳಿದರೆ ಜನ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಂಗೈಯಲ್ಲಿ ಹಿಡಿಸುವ, ನಡುವೆ ಹೆಬ್ಬೆರಳಿನಷ್ಟೂ ದಪ್ಪವಿಲ್ಲದ ಒಂದು ಕೊಂಡಿಯನ್ನು ಪ್ರಿಂಟ್ ಮಾಡಿಸಿದರು. ಒಂದೇ ಬಾರಿಗೆ ಹೆಚ್ಚು ಕೊಂಡಿ ಹಿಡಿಸಲೆಂದು ನಿಲ್ಲಿಸಿ ಪ್ರಿಂಟ್ ಮಾಡಿದರು. ಆ ಕೊಂಡಿಗೆ ಒಂದು ಕಾರು ನೇತುಹಾಕಿ, ಗಂಟೆಗೆ ನಾಲ್ಕೈದು ಬಾರಿ ಕ್ರೇನಿನಿಂದ ಎತ್ತಿ ಇಳಿಸುವುದು ಪ್ರದರ್ಶನ. ಕಾರು ಅವರದೇ, ಹೊಸದು. ಪಕ್ಕದಲ್ಲಿ ಸೂಜಿಗಳ ಚಿತ್ರ.

ಮೊದಲ ದಿನ ಚಪ್ಪಾಳೆ ಬಿತ್ತು. ಎರಡನೆಯ ದಿನ ಪೇಪರಿನಲ್ಲಿ ಫೋಟೋ ಬಂತು. ಅದನ್ನು ಭೈರೇಶ್ ಓದಿ ಹೆಂಡತಿಗೆ ತೋರಿಸಿದರು. ಗಿರಿಜಾದೇವಿ ನೋಡಿ, "ಮಲಗಿಸಿ ಮಾಡಿದಾರೋ, ನಿಲ್ಲಿಸಿ ಮಾಡಿದಾರೋ" ಎಂದಷ್ಟೇ ಹೇಳಿ ಕುಕ್ಕರ್ ಇಳಿಸಿದರು. ಮೂರನೆಯ ದಿನ ಮಧ್ಯಾಹ್ನ ಊಟದ ಬಿಡುವು ಮುಗಿದು ಜನ ಇನ್ನೂ ಸೇರುವ ಮೊದಲು ಕ್ರೇನಿನವನು ಒಮ್ಮೆ ಎತ್ತಿ ನೋಡೋಣವೆಂದು ಎತ್ತಿದ. ಕಾರು ನೆಲದಿಂದ ಎರಡಡಿ ಏರಿತ್ತು. ಯಾರೋ ಸೋಡಾ ಬಾಟಲಿ ತೆರೆದಂತೆ ಒಂದು ಸದ್ದಾಯಿತಂತೆ. ಕೊಂಡಿ ಬಗ್ಗಲಿಲ್ಲ, ಹಿಗ್ಗಲಿಲ್ಲ, ಮುನ್ಸೂಚನೆ ಕೊಡಲಿಲ್ಲ. ಕಾರು ನಾಲ್ಕು ಚಕ್ರದ ಮೇಲೆ ನೆಟ್ಟಗೆ ಬಿದ್ದು, ಅದರ ಕಳ್ಳತನದ ಅಲಾರಂ ಹೊಡೆದುಕೊಳ್ಳತೊಡಗಿತು. ಯಾರಿಗೂ ಪೆಟ್ಟಾಗಲಿಲ್ಲ. ಬೀಗದಕೈ ಮುರಳೀಕೃಷ್ಣರ ಜೇಬಿನಲ್ಲಿತ್ತು, ಅವರು ಊಟಕ್ಕೆ ಹೋಗಿದ್ದರು. ಅವರು ಬರುವವರೆಗೂ ಅಲಾರಂ ಇಡೀ ಸಭಾಂಗಣವನ್ನು ಅಲ್ಲಿಗೆ ಕರೆಯುತ್ತಲೇ ಇತ್ತು. ಎರಡು ದಿನ ಚಪ್ಪಾಳೆಗೆ ಸೇರಿದ್ದಕ್ಕಿಂತ ಹೆಚ್ಚು ಜನ ಆಗ ಸೇರಿದರು.

ಮುರಿದ ಕೊಂಡಿಯ ಎರಡು ತುಂಡುಗಳು ಪ್ಲಾಸ್ಟಿಕ್ ಚೀಲದಲ್ಲಿ ಗಿರಿಜಾದೇವಿಯ ಮೇಜಿಗೆ ಬಂದವು. ಅದನ್ನು ಉಜ್ಜಲೇ ಬೇಕಾಗಲಿಲ್ಲ. ಮುರಿದ ಮುಖವನ್ನು ಭೂತಗನ್ನಡಿಯ ಕೆಳಗೆ ಇಟ್ಟರೆ ಸಾಕಾಗಿತ್ತು. ಒಂದು ಅಂಚಿನ ಹತ್ತಿರ ಚಪ್ಪಟೆ ತೂತು, ಅದರಲ್ಲಿ ದುಂಡು ಕಾಳುಗಳು. ಅಲ್ಲಿಂದ ಸುತ್ತ ಹರಡಿದ ನಯವಾದ ಕಮಾನುಗಳು, ಕೆರೆಯ ನೀರು ದಿನದಿನಕ್ಕೆ ಇಳಿದಾಗ ದಡದಲ್ಲಿ ಉಳಿಯುವ ಗುರುತಿನಂತೆ. ಪ್ರತಿ ಸಲ ಕಾರು ಎತ್ತಿದಾಗಲೂ ಬಿರುಕು ಒಂದಿಷ್ಟು ಮುಂದೆ ಹೋಗಿತ್ತು. ಚಪ್ಪಾಳೆ ತಟ್ಟುವಾಗಲೂ ಹೋಗುತ್ತಿತ್ತು. ಉಳಿದ ಭಾಗ ಒಂದೇ ಏಟಿಗೆ, ಸೂಜಿಗಳ ಜಾಡಿನಲ್ಲಿ ಹರಿದಿತ್ತು.

ರಮ್ಯಶ್ರೀ ಬಗ್ಗಿ ನೋಡಿದಳು. "ಆಂಟಿ, ಆ ಸರಳಲ್ಲಿದ್ದಂಥದ್ದೇ!"

ಪ್ರದರ್ಶನ ನಡೆಸಿದವರು ಕಾಗದ ಪತ್ರ ಕೇಳಿದರು. ಆಗ ವರದಿಯ ಹನ್ನೊಂದನೆಯ ಪುಟವನ್ನು ಎಲ್ಲರೂ ಓದಿದರು. ಒಂದೇ ವಾರದಲ್ಲಿ ಆ ಸಣ್ಣಕ್ಷರದ ಸಾಲನ್ನು ಓದಿದಷ್ಟು ಜನ ಗೋಪೀನಾಥರ ಲ್ಯಾಬಿನ ಉಳಿದ ವರದಿಗಳನ್ನೆಲ್ಲ ಸೇರಿಸಿದರೂ ಓದಿರಲಿಕ್ಕಿಲ್ಲ. ಮುರಳೀಕೃಷ್ಣ ಮಾತುಕತೆಗೆ ಬಂದರು. ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಗಿರಿಜಾದೇವಿಯನ್ನು ಮೀಟಿಂಗಿಗೆ ಕರೆದರು. ಗೋಪೀನಾಥರ ಕೋಣೆಯಲ್ಲಿ ಇದ್ದದ್ದು ಮೂರೇ ಕುರ್ಚಿ. ಅವರು ತಮ್ಮ ಉಜ್ಜುವ ಸ್ಟೂಲನ್ನು ತಾವೇ ಎತ್ತಿಕೊಂಡು ಬಂದು ಕೂತರು.

"ಎರಡನೇ ಜಾಗ ಅಂತ ಬರೆದಿದೀರಲ್ಲ," ಎಂದರು ಮುರಳೀಕೃಷ್ಣ, ಆ ವಿಷಯ ಈಗಷ್ಟೇ ತಿಳಿದವರಂತೆ. "ಹಾಗಾದ್ರೆ ಮೊದಲನೇ ಜಾಗದಲ್ಲಿ ಏನಿತ್ತು?"

ಗೋಪೀನಾಥರು ಫ್ಯಾನ್ ನೋಡಿದರು. ರಮ್ಯಶ್ರೀ ಪೆನ್ನಿನ ಮುಚ್ಚಳ ಹಾಕಿ ತೆಗೆದಳು. ಗಿರಿಜಾದೇವಿ ಎದ್ದುಹೋಗಿ ಡ್ರಾಯರಿನಿಂದ ಕಪ್ಪು ಗುಂಡಿಯನ್ನು ತಂದು ಮೇಜಿನ ಮೇಲಿಟ್ಟರು.

"ಇದಿತ್ತು ಸಾರ್."

"ನನಗೆ ಯಾಕೆ ತೋರಿಸಲಿಲ್ಲ?"

"ತೋರ್ಸಿದ್ವಿ. ನೀವು ಬೇರೆ ಕಡೆ ಕತ್ತರಿಸಿ ಅಂದ್ರಿ."

"ಅಂದೆ ಸರಿ. ಅಂದ್ರೆ ಕತ್ತರಿಸಿಬಿಡೋದಾ? ನನಗೆ ಈ ವಿಷಯ ಗೊತ್ತಿಲ್ಲ, ನಿಮಗೆ ಗೊತ್ತು. ಬೇಡ ಅನ್ನಬಹುದಿತ್ತಲ್ಲ? ಅಷ್ಟು ಸಣ್ಣಕ್ಷರದಲ್ಲಿ ಬರೆದ್ರೆ ಯಾರು ಓದ್ತಾರೆ?"

ಮುಚ್ಚಿಡಿ ಎಂದವರೇ ಯಾಕೆ ಮುಚ್ಚಿಟ್ಟಿರಿ ಎಂದು ಕೇಳುವುದನ್ನು ಕೇಳಿ ರಮ್ಯಶ್ರೀಗೆ ನಗು ಬರುವಂತಾಯಿತು. ಆದರೆ ಗಿರಿಜಾದೇವಿಗೆ ನಗು ಬರಲಿಲ್ಲ. ಆ ಮನುಷ್ಯ ಅಂದು ಆಡಿದ ಮಾತುಗಳಲ್ಲೆಲ್ಲ ನಿಜವಾದದ್ದು 'ಬೇಡ ಅನ್ನಬಹುದಿತ್ತಲ್ಲ' ಎಂಬುದೊಂದೇ ಎಂದು ಅವರಿಗೆ ಅನ್ನಿಸಿತು. ಡ್ರಾಯರಿನಲ್ಲಿ ಚೂರು ಎತ್ತಿಟ್ಟದ್ದು, ಸಾಲು ಬರೆಸಿದ್ದು, ಎಲ್ಲ ಸರಿ. ಅದರಿಂದ ತಾನು ಸಮಾಧಾನ ಪಟ್ಟುಕೊಂಡದ್ದೂ ನಿಜ. ಆದರೆ ಬ್ಲೇಡಿನ ಕೆಳಗೆ ಸರಳನ್ನು ಎರಡನೆಯ ಸಲ ಇಟ್ಟದ್ದು ಬೇರೆ ಯಾರ ಕೈಯೂ ಅಲ್ಲ. ಆ ಕ್ರೇನಿನ ಕೆಳಗೆ ಯಾರಾದರೂ ನಿಂತಿದ್ದರೆ?

"ಕತ್ತರಿಸಬಾರದಿತ್ತು ಸಾರ್," ಎಂದರು. "ನಾನೇ ಕತ್ತರಿಸಿದ್ದು. ಇನ್ಮೇಲೆ ಮಾಡಲ್ಲ."

ಗೋಪೀನಾಥರು ಫ್ಯಾನಿನಿಂದ ಕಣ್ಣು ಇಳಿಸಿದರು. "ಕತ್ತರಿಸಿ ಅಂದೋನು ನಾನು. ಸಹಿ ಹಾಕಿದೋನೂ ನಾನೇ. ನೀವು ಸುಮ್ನಿರಿ ಗಿರಿಜಮ್ಮ."

ಅಲ್ಲಿಂದ ಮಾತು ಜಗಳದ ದಾರಿ ಬಿಟ್ಟಿತು. ರಮ್ಯಶ್ರೀ ಲ್ಯಾಪ್‌ಟಾಪ್ ತೆರೆದು ಮುರಳೀಕೃಷ್ಣರಿಗೆ ಮೊದಲಿಂದ ವಿವರಿಸಿದಳು. ಬಡಿದದ್ದು, ಪ್ರಿಂಟ್ ಮಾಡಿದ್ದು ಎರಡೂ ಒಂದೇ ಮಿಶ್ರಲೋಹ, ಟೈಟಾನಿಯಂಗೆ ಬೆರೆಸಿದ ಅಲ್ಯೂಮಿನಿಯಂ, ವನೇಡಿಯಂ ಪಾಲೂ ಒಂದೇ. ಒಳಗಿನ ಜೋಡಣೆ ಬೇರೆ. ಸೂಜಿ ಇದ್ದರೆ ಬಲ ಹೆಚ್ಚು, ತಾಳ್ಮೆ ಕಡಿಮೆ. ಕಂಬದಂಥ ಹರಳುಗಳು ಒಂದೇ ದಿಕ್ಕಿಗೆ ಎದ್ದಿರುವುದರಿಂದ ಮಲಗಿಸಿ ಮಾಡಿದ್ದು ಒಂದು ಥರ, ನಿಲ್ಲಿಸಿ ಮಾಡಿದ್ದು ಇನ್ನೊಂದು ಥರ. ಅದರ ಮೇಲೆ ಪದರದ ನಡುವೆ ತೂತು ಬಿದ್ದರೆ ಮುಗಿಯಿತು. ತೂತು ಮುಚ್ಚಲು ಬಿಸಿಯ ಜೊತೆ ಒತ್ತಡ ಹಾಕುವ ಕುಲುಮೆ ಇದೆ, ಅದೇ ಬಿಸಿಗೆ ಸೂಜಿಯೂ ಕರಗಿ ಪಟ್ಟಿಯಾಗುತ್ತದೆ. ಮುರಳೀಕೃಷ್ಣ ಎಲ್ಲ ಕೇಳಿಸಿಕೊಂಡು, "ಇದನ್ನೇ ಅಲ್ವಾ ಆವತ್ತು ಅಮ್ಮ ಹೇಳಿದ್ದು?" ಎಂದರು.

ಮೂರು ತಿಂಗಳಲ್ಲಿ ಹೊಸ ಸರಳುಗಳು ಬಂದವು. ಲೇಸರಿನ ಲೆಕ್ಕ ಬದಲಾಯಿಸಿ, ಒತ್ತಡದ ಕುಲುಮೆಗೆ ಹಾಕಿ ತಂದವು. ಮಲಗಿದವು ಹದಿನೈದು ಹಿಗ್ಗಿದವು, ನಿಂತವು ಹದಿಮೂರು. ಬಲ ಒಂಬೈನೂರ ಎಂಬತ್ತಕ್ಕೆ ಇಳಿಯಿತು. ಆ ಅಂಕಿ ನೋಡಿ ಮುರಳೀಕೃಷ್ಣರ ಮುಖ ಸೂತಕದ ಮನೆಗೆ ಬಂದವರಂತಾಯಿತು. ಗಿರಿಜಾದೇವಿ ಉಜ್ಜಿ ತೆಗೆದ ಹೊಸ ಚಿತ್ರವನ್ನು ನೋಡಿದಾಗ ಇನ್ನೂ ಕುಗ್ಗಿದರು. ಸೂಜಿಗಳಿಲ್ಲ, ಹೊಳಪಿಲ್ಲ. ಬೂದು ಬಣ್ಣದ ಮೊಂಡು ಪಟ್ಟಿಗಳು, ನಡುನಡುವೆ ಗಡಿ ಹಾಕಿದಂಥ ಸಣ್ಣ ಕಪ್ಪು ಗೆರೆ, ತೂತಲ್ಲ. ಯಾರ ಗೋಡೆಗೂ ಹಾಕುವಂಥದ್ದಲ್ಲ.

"ಇದು ಒಳ್ಳೇದಾ ಮೇಡಂ?" ಎಂದರು. ಅಷ್ಟು ಹೊತ್ತಿಗೆ ಅಮ್ಮ ಮೇಡಂ ಆಗಿದ್ದರು.

"ತುಂಬ ಒಳ್ಳೇದು ಸಾರ್."

"ನೋಡೋಕೆ ಹಂಗೆ ಕಾಣಲ್ವಲ್ಲ."

ನವಪದರದ ಕಚೇರಿಯ ಗೋಡೆಯ ಮೇಲೆ ಹಳೆಯ ಸೂಜಿಗಳ ಚಿತ್ರವೇ ಉಳಿಯಿತು. ಅದರ ಕೆಳಗಿನ ಮಾತನ್ನು ಮಾತ್ರ ತೆಗೆಸಿದರು. ಈಗ ಬರುವ ಗಿರಾಕಿಗಳು ಅದನ್ನು ಅಲಂಕಾರದ ಚಿತ್ರವೆಂದುಕೊಳ್ಳುತ್ತಾರೆ.

ಲ್ಯಾಬಿನಲ್ಲಿಯೂ ಒಂದು ನಿಯಮ ಬಂತು. ಮೊದಲು ಕತ್ತರಿಸಿದ ಜಾಗ ವರದಿಯ ಮೊದಲ ಪುಟದಲ್ಲಿ ಬರಬೇಕು, ಆಮೇಲೆ ಗಿರಾಕಿ ಎಷ್ಟು ಕಡೆ ಬೇಕಾದರೂ ಕತ್ತರಿಸಿಕೊಳ್ಳಲಿ. ಅದನ್ನು ಕೇಳಿ ಮೂವರು ಗಿರಾಕಿಗಳು ಬಿಟ್ಟುಹೋದರು. ಅವರ ಸಾಮಾನುಗಳ ಒಳಗೆ ಏನಿತ್ತೋ ಎಂದು ಗಿರಿಜಾದೇವಿಗೆ ಈಗಲೂ ಕುತೂಹಲ. ಗೋಪೀನಾಥರು ಅವರ ಹುದ್ದೆಯ ಹೆಸರನ್ನು ಸರಿಮಾಡಬೇಕೆಂದು ಹೊರಟರು. ಆದರೆ ಹಾಜರಿಯ ಸಾಫ್ಟ್‌ವೇರ್ ಹೊಸ ಹುದ್ದೆ ಸೇರಿಸಲು ಒಪ್ಪಲಿಲ್ಲ, ಇರುವುದರ ಮುಂದೆ 'ಹಿರಿಯ' ಎಂದು ಹಾಕಲು ಒಪ್ಪಿತು. ಗಿರಿಜಾದೇವಿ ಹಿರಿಯ ಟೆಲಿಫೋನ್ ಆಪರೇಟರ್ ಆದರು. ಮುನಿಲಕ್ಷ್ಮಮ್ಮನವರಿಗೆ ಅದು ಬಹಳ ಹಿಡಿಸಿ, ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು.

ಕಳೆದ ಮಾರ್ಚಿನಲ್ಲಿ ಮುರಳೀಕೃಷ್ಣ ಕಾರು ಕಳಿಸಿ ಗಿರಿಜಾದೇವಿಯನ್ನು ಕೆಂಗೇರಿಗೆ ಕರೆಸಿಕೊಂಡರು. ಯಂತ್ರವನ್ನು ಅವರು ಅದುವರೆಗೆ ನೋಡಿರಲಿಲ್ಲ. ಅದನ್ನು ನೋಡಿಕೊಳ್ಳುವ ಎಂಜಿನಿಯರ್ ಸ್ಪಂದನ ಅವರಿಗೆ ಟೋಪಿ, ಮುಖಗವಸು ಹಾಕಿಸಿ, ಬಾಗಿಲಿನ ಸಣ್ಣ ಗಾಜಿನ ಮುಂದೆ ನಿಲ್ಲಿಸಿದಳು. ಒಳಗೆ ಬೂದು ಪುಡಿಯ ಹಾಸಿನ ಮೇಲೆ ಬೆಳಕಿನ ಚುಕ್ಕಿಯೊಂದು ಹುಚ್ಚು ಹಿಡಿದಂತೆ ಓಡುತ್ತಿತ್ತು. ಅದರ ಹಿಂದೆ ಒಂದು ಗೆರೆ ಕೆಂಪಾಗಿ ಹೊಳೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗುತ್ತಿತ್ತು. ಗಿರಿಜಾದೇವಿ ಅಲ್ಲಿ ಮುಕ್ಕಾಲು ಗಂಟೆ ನಿಂತರು. ಜೀವಮಾನವೆಲ್ಲ ಅವರು ನೋಡಿದ್ದು ಲೋಹಕ್ಕೆ ಆಗುವುದೆಲ್ಲ ಆಗಿಹೋದ ಮೇಲೆ. ಆಗುವುದನ್ನು ನೋಡಿದ್ದು ಇದೇ ಮೊದಲು.

"ಸ್ವಲ್ಪ ನಿಧಾನವಾಗಿ ಓಡಿಸೋಕೆ ಆಗಲ್ವೇನಮ್ಮ?"

"ಓಡಿಸಬಹುದು ಮೇಡಂ. ತುಂಬ ನಿಧಾನ ಮಾಡಿದ್ರೆ ಬೇರೆ ಥರ ಕೆಡುತ್ತೆ. ಜಾಸ್ತಿ ಕುದ್ದು ಒಳಗೆ ಗುಳ್ಳೆ ಸಿಕ್ಕಾಕೊಳ್ಳುತ್ತೆ. ದುಂಡಗಿನ ತೂತು."

"ದುಂಡಗಿದ್ರೆ ಚಪ್ಪಟೆಗಿಂತ ವಾಸಿ," ಎಂದು ಗಿರಿಜಾದೇವಿ ಗಾಜಿನಿಂದ ಮುಖ ತೆಗೆಯದೆ ಹೇಳಿದರು. "ಎರಡು ಥರದ್ದೂ ಮಾಡಿ ಕಳ್ಸು. ನೋಡೋಣ."

ಸ್ಪಂದನ ಅದನ್ನು ಬರೆದುಕೊಂಡಳು. ಕಾರಿನಲ್ಲಿ ಬಿಡಿಸುತ್ತೇನೆಂದು ಮುರಳೀಕೃಷ್ಣ ಹೇಳಿದರೂ ಗಿರಿಜಾದೇವಿ ಬೇಡವೆಂದು ಕೆಂಗೇರಿಯಲ್ಲಿ ಮೆಟ್ರೋ ಹತ್ತಿದರು. ಅತ್ತಿಗುಪ್ಪೆಯ ಹತ್ತಿರ ರಮ್ಯಶ್ರೀಗೆ ಫೋನ್ ಮಾಡಿ, ನಯವಾದ ಎಮರಿ ಕಾಗದ ಮುಗಿಯುತ್ತಾ ಬಂದಿದೆ, ಎರಡು ಕಟ್ಟು ತರಿಸಿಡು ಎಂದರು.